ಸಲೈನಿನಲ್ಲಿ ಕೊಳೆತ ಚೂರು

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ಅತ್ತೆಯ ಕೆನ್ನೆಯೊಳಗಿಂದ ಕತ್ತರಿಸಿ ತೆಗೆದ ಮಾಂಸದ ಚೂರನ್ನು ನಿಮ್ಮ ಅಧೀನದ ಆಸ್ಪತ್ರೆ ಕೊಳೆಸಿ ಹಾಕಿದೆ. ನಿಮ್ಮ ಕಚೇರಿ ಇದನ್ನು 'ಸಣ್ಣ ತಾಂತ್ರಿಕ ಲೋಪ' ಎಂದು ಕರೆದಿದೆ. ಚೂರು ಸಣ್ಣದೇ, ಒಪ್ಪುತ್ತೇನೆ, ಕಡಲೆ ಕಾಳಿನಷ್ಟಿತ್ತು.

ಅತ್ತೆ ಕಮಲಿ ಮಾವಿನಕುರ್ವೆಯವರು. ಮೂವತ್ತು ವರ್ಷ ಬುಟ್ಟಿ ಹೊತ್ತು ಹೊನ್ನಾವರದಲ್ಲಿ ಮೀನು ಮಾರಿದವರು. ಎಲೆ, ಅಡಿಕೆ, ತಂಬಾಕಿನ ಕವಳ ಹಾಕುವ ಬಾಯಿ. ಕೆನ್ನೆಯ ಹುಣ್ಣು ಎರಡು ತಿಂಗಳಾದರೂ ಮಾಯದಿದ್ದಾಗ ನಾನೇ ಆಸ್ಪತ್ರೆಗೆ ಕರೆದೊಯ್ದೆ. ವೈದ್ಯರು ಚೂರು ತೆಗೆದರು. ನರ್ಸ್ ಅದನ್ನು ಬಾಟಲಿಗೆ ಹಾಕಿ ಸಲೈನ್ ಸುರಿದರು. "ಫಾರ್ಮಲಿನ್ ಖಾಲಿಯಾಗಿ ತಿಂಗಳಾತು. ಬರ್ದು ಕಳ್ಸಿದ್ದೇವೆ, ಬರ್ಲಿಲ್ಲ" ಎಂದರು. ನನಗೇನು ಗೊತ್ತಿತ್ತು? ತಲೆಯಾಡಿಸಿದೆ.

ಇಪ್ಪತ್ತಾರು ದಿನ ಕಾದೆವು. ವರದಿಯಲ್ಲಿ ಒಂದೇ ಸಾಲು: 'ಅಂಗಾಂಶ ಕೊಳೆತಿದೆ, ಪರೀಕ್ಷೆಗೆ ಯೋಗ್ಯವಲ್ಲ.'

ಆಸ್ಪತ್ರೆಯವರು ಚೂರನ್ನು ಕಳುಹಿಸಿದ್ದ ಪ್ರಯೋಗಾಲಯಕ್ಕೇ ನಾನು ಹೋದೆ. ಅಲ್ಲಿಯ ತಂತ್ರಜ್ಞ ದೇವರಾಜ ಒಳಗೆ ಕರೆದು ತೋರಿಸಿದರು. ಚೂರನ್ನು ತೆಗೆದ ಕೂಡಲೇ ಫಾರ್ಮಲಿನ್‌ನಲ್ಲಿ ಮುಳುಗಿಸಬೇಕಂತೆ. ಆಗಷ್ಟೇ ಜೀವಕೋಶಗಳು ಇದ್ದ ಹಾಗೆಯೇ ಉಳಿಯುತ್ತವೆ. ಆಮೇಲೆ ನೀರಿನಂಶ ತೆಗೆದು, ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಹರಡಿ, ನೇರಳೆ ಮತ್ತು ಗುಲಾಬಿ ಬಣ್ಣ ಹಾಕುತ್ತಾರೆ. ಮೊದಲು ಬೇರೆ ಯಾರದೋ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ: ಕೋಶಗಳು ಹೆಂಚು ಹೊದಿಸಿದಂತೆ ಸಾಲಾಗಿದ್ದವು. ಬಳಿಕ ಅತ್ತೆಯದು: ಮಸುಕು ಕಲೆ, ಅಷ್ಟೇ.

"ಇದ್ರಲ್ಲಿ ಎಂತ ಇತ್ತು ಅಂತ ಇನ್ನು ಯಾರಿಗೂ ಹೇಳೂಕೆ ಆಗೂದಿಲ್ಲ ಅಕ್ಕ" ಎಂದರು ದೇವರಾಜ.

ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆ ಕೇಳಿದರು: "ಐಸ್ ಹಾಕ್ದೆ ಮೀನು ಕಳ್ಸಿದ್ರೆ ಎಂತ ಆತದೆ ಅಂತ ನಂಗೊತ್ತು. ಅಷ್ಟು ಓದ್ದವ್ರಿಗೆ ಗೊತ್ತಿಲ್ವನೇ?" ಉತ್ತರ ನಿಮ್ಮಲ್ಲಿದೆಯೇ, ಮಾನ್ಯರೇ?

ಮತ್ತೊಮ್ಮೆ ಚೂರು ತೆಗೆಸಿದೆವು. ಈ ಸಲ ಫಾರ್ಮಲಿನ್ ಅನ್ನು ನಾನೇ ಕುಮಟೆಯಿಂದ ತಂದುಕೊಟ್ಟೆ. ವರದಿ ಬಂತು: ಕ್ಯಾನ್ಸರ್. ಅಷ್ಟರಲ್ಲಿ ಕುತ್ತಿಗೆಯಲ್ಲೂ ಗಂಟು ಎದ್ದಿತ್ತು. ಈಗ ಅತ್ತೆಗೆ ಗಂಜಿ ಇಳಿಯುವುದೂ ಮೂಗಿನ ನಳಿಕೆಯಿಂದ.

ಆದರೆ ನಾನು ಬರೆಯುತ್ತಿರುವುದು ಅವರೊಬ್ಬರಿಗಾಗಿ ಅಲ್ಲ. ಆ ತಿಂಗಳು ಅದೇ ಆಸ್ಪತ್ರೆಯಿಂದ ಸಲೈನ್ ತುಂಬಿ ಬಂದ ಬಾಟಲಿಗಳು ಇನ್ನೂ ಹನ್ನೊಂದು ಇದ್ದವೆಂದು ದೇವರಾಜ ಹೇಳಿದರು. ಆ ಹನ್ನೊಂದು ಜನರನ್ನು ಮತ್ತೆ ಕರೆಸಿದ್ದೀರಾ? ನಿಮ್ಮ ಕಚೇರಿಯಲ್ಲಿ ವಿಚಾರಿಸಿದರೆ, "ಬೇಕಾದವರು ಅವರೇ ಬಂದು ಕೇಳಬೇಕು" ಎಂಬ ಘನವಾದ ಉತ್ತರ ಸಿಕ್ಕಿತು. ಸುದ್ದಿ ಬಾರದಿದ್ದರೆ ಕಾಯಿಲೆ ಇಲ್ಲವೆಂದೇ ಜನ ತಿಳಿಯುತ್ತಾರೆ. ಅವರಲ್ಲೊಬ್ಬರು ಈ ಹೊತ್ತು ತೆಂಗಿನಗುಂಡಿಯಲ್ಲಿ ದೋಣಿ ಹತ್ತುತ್ತಿರಬಹುದು, ಇನ್ನೊಬ್ಬರು ಮಕ್ಕಳಿಗೆ ಬಡಿಸುತ್ತಿರಬಹುದು. ಒಳಗಿನದು ತನ್ನ ಪಾಡಿಗೆ ಬೆಳೆಯುತ್ತಿರಬಹುದು.

ವಿಚಾರಣೆ, ಸಮಿತಿ ಆಮೇಲಾಗಲಿ. ಆ ಹನ್ನೊಂದು ಮನೆಗಳಿಗೂ ಈ ವಾರವೇ ಜನರನ್ನು ಕಳುಹಿಸಿ, ಬಾಗಿಲು ತಟ್ಟಿ ನಿಜ ಹೇಳಿಸಿ.

ಇಂತಿ,
ಅತ್ತೆಯನ್ನು ನಂಬಿಸಿ ನಿಮ್ಮಲ್ಲಿಗೆ ಕರೆತಂದ ಸೊಸೆ,
ಸುಚಿತಾ