ಕತ್ತಲಲ್ಲಿ ಉಡಿಸಿದ ಸೀರೆ

ಯಶವಂತಪುರ, 11 ಜನವರಿ 1960

ಬಾಡಿಗೆ ಅಧ್ಯಾಯ ಮುಗಿಯಿತು. ಮಾಲೀಕ ಯಾವಾಗ ಮನೆ ಬಿಡಿಸಬಹುದು, ಯಾವಾಗ ಕೂಡದು — ಎಂಟು ಪುಟ. ಆರು ಸಾಕು ಎಂದಿದ್ದರು ಪ್ರಕಾಶಕರು. ಪುಸ್ತಕಕ್ಕೆ ಹೆಸರನ್ನೂ ಅವರೇ ಇಟ್ಟಿದ್ದಾರೆ: 'ಎಲ್ಲರಿಗೂ ಮೈಸೂರು ರಾಜ್ಯದ ಕಾನೂನು'. ಈ ಎಲ್ಲರು ಯಾರೋ ಕಾಣೆ. ವಕೀಲಿ ಬಿಟ್ಟು ವರ್ಷಗಳಾದವು. ಕರಿ ಕೋಟು ಬೀರುವಿನಲ್ಲಿದೆ, ನುಸಿಗುಳಿಗೆಯ ವಾಸನೆಯ ಜೊತೆ.

ರಾಜ್ಯ ಒಂದಾಯಿತು. ಕಾನೂನು ಇನ್ನೂ ಐದು. ಬೆಳಗಾವಿಗೆ ಮುಂಬಯಿಯದು, ಮಂಗಳೂರಿಗೆ ಮದರಾಸಿನದು, ಕಲಬುರ್ಗಿಗೆ ನಿಜಾಮರ ಕಾಲದ್ದು, ಕೊಡಗಿನದು ಬೇರೆ, ನಮ್ಮದು ಬೇರೆ. ಪ್ರತಿ ವಾಕ್ಯಕ್ಕೂ ಒಂದು ಅಡಿಟಿಪ್ಪಣಿ. ಹೇಳಿದ್ದಕ್ಕಿಂತ ಹೊರತುಪಡಿಸಿದ್ದೇ ಹೆಚ್ಚು.

ಸ್ಟೇಷನ್ನಿನಲ್ಲಿ ಗೂಡ್ಸ್ ಶಂಟಿಂಗ್. ಮೇಜು ನಡುಗುತ್ತದೆ. ನಾಳೆ ವಾರಸುದಾರಿಕೆ.

14 ಜನವರಿ

ಸಂಕ್ರಾಂತಿ. ಶೆಟ್ಟಿಹಳ್ಳಿಯ ಮುನಿಯಲ್ಲಮ್ಮ ಮೊಸರಿನ ಜೊತೆ ಸೊಗಡವರೆ ತಂದಿದ್ದಳು. ಮಗಳು ಲಕ್ಕಿಯೂ ಬಂದಿತ್ತು. ಐದು ತುಂಬಿತಂತೆ. ನನ್ನ ಅಕ್ಕ ಕೊಟ್ಟ ಎಳ್ಳುಬೆಲ್ಲದಲ್ಲಿ ಕೊಬ್ಬರಿ ಮಾತ್ರ ಆರಿಸಿ ತಿಂದಿತು.

"ಕೋರ್ಟಿಂದ ಕಾಗ್ದ ಬಂದೈತೆ ಸ್ವಾಮಿ. ನಮ್ ಮೈದ ಪಿಳ್ಳಪ್ಪ ಆಕವ್ನೆ."

ಓದಿದೆ. ಅವಳ ಮೊದಲ ಗಂಡ ಮುನಿವೆಂಕಟಯ್ಯ ತಮ್ಮನಿಂದ ಪಾಲಾಗಿದ್ದವನು. ಸತ್ತಾಗ ಬಾವಿಯ ಹೊಲ ಇವಳಿಗೆ ಬಂತು. ಮಕ್ಕಳಿರಲಿಲ್ಲ. ಮೂರು ವರ್ಷದ ಮೇಲೆ, ಐವತ್ತನಾಲ್ಕರಲ್ಲಿ, ಬಾಗಲೂರಿನ ಚಿಕ್ಕಹನುಮಯ್ಯನಿಗೆ ಸೀರುಡಿಕೆಯಾದಳು. ಅವರಲ್ಲಿ ವಿಧವೆಯ ಎರಡನೆಯ ಮದುವೆ ಹಾಗೆ — ಧಾರೆಯಿಲ್ಲ, ಓಲಗವಿಲ್ಲ, ಹೊಸ ಸೀರೆ ಉಡಿಸಿದರೆ ಆಯಿತು. ಮದುವೆಯಾದ ವಿಧವೆಗೆ ಹಳೆಯ ಗಂಡನ ಆಸ್ತಿ ಸಲ್ಲದು, ಹೊಲ ನನಗೆ ಬರಬೇಕು ಎನ್ನುತ್ತಾನೆ ಪಿಳ್ಳಪ್ಪ. ಇಷ್ಟು ವರ್ಷ ಸುಮ್ಮನಿದ್ದ. ಜಾಲಹಳ್ಳಿಗೆ ಕಾರ್ಖಾನೆ ಬಂದು ಹೊಲದ ಬೆಲೆ ಏರಿದೆ. ಈಗ ನೆನಪಾಗಿದೆ.

"ಸೀರುಡಿಕೆ ದಿನ ಬಂದು ಉಂಡೋಗಿದ್ದ ಸ್ವಾಮಿ! ಎಲ್ಡು ದಪ ಸಾರು ಆಕಿಸ್ಕಂಡಿದ್ದ!"

ಉಂಡದ್ದು ಸಾಕ್ಷಿಯೇ. ಮದುವೆ ನಡೆದದ್ದಕ್ಕೆ, ಅವನ ಪರವಾದ ಸಾಕ್ಷಿ. ಅದನ್ನು ಹೇಳಲಿಲ್ಲ. ವಕೀಲ ರಹಮತುಲ್ಲಾನ ವಿಳಾಸ ಕೊಟ್ಟೆ.

2 ಫೆಬ್ರವರಿ

ರಹಮತುಲ್ಲಾ ಸೈಕಲ್ಲಿನಲ್ಲಿ ಬಂದ. ಕಾಫಿ ಮುಗಿಸಿ ಲೋಟ ಬೋರಲು ಹಾಕಿದ.

"ಪಂಡಿತರೇ, ನಿಮ್ಮ ಹೊಸ ಹಿಂದೂ ವಾರಸು ಆಕ್ಟು ಏನನ್ನುತ್ತೆ? ಐವತ್ತಾರನೇ ಇಸವಿ ಜೂನಲ್ಲಿ ವಿಧವೆ ಕೈಲಿದ್ದ ಜಮೀನು ಅವಳ ಸ್ವಂತ. ಸರೀನಾ? ಆದ್ರೆ ಈಕೆ ಅದಕ್ಕೂ ಮೊದಲೇ ಮದುವೆ ಆಗಿಬಿಟ್ಟಿದ್ದಾಳೆ. ಹಳೇ ಕಾನೂನಿನ ಪ್ರಕಾರ ಮದುವೆ ಆದ ಗಳಿಗೇಲೇ ಹೊಲ ಹೋಯ್ತು."

"ಮದುವೆಯಾಗದೆ ಸುಮ್ಮನೆ ಜೊತೆಗಿದ್ದರೆ?"

"ಹಾಂ! ಅದು ಮಾತು. ವಿಧವೆ ನಡತೆ ಕೆಟ್ಟರೆ ಜಮೀನು ಹೋಗೋದಿಲ್ಲ, ತೀರ್ಪುಗಳಿವೆ. ಮರ್ಯಾದಸ್ಥಳಾದ್ರೆ ಹೋಯ್ತು, ಕೆಟ್ಟವಳಾದ್ರೆ ಉಳೀತು. ಇದನ್ನ ಎಲ್ಲರಿಗೂ ಹ್ಯಾಗೆ ಬರೀತೀರಿ?"

"ಅಡಿಟಿಪ್ಪಣಿಯಲ್ಲಿ."

ನಕ್ಕ. "ನಮ್ಮಲ್ಲಿ ಗಂಡ ಸತ್ತ ದಿನವೇ ಅವಳ ಪಾಲು ಅವಳಿಗೆ. ಆಮೇಲೆ ನಿಕಾ ಮಾಡ್ಕೊಳ್ಲಿ, ಬಿಡ್ಲಿ."

"ಪಾಲು ಎಷ್ಟು?"

"ಮಕ್ಕಳಿದ್ರೆ ಎಂಟರಲ್ಲೊಂದು. ಅದ್ಯಾಕೆ ಕೇಳ್ತೀರಿ, ಬಿಡಿ."

ಮದುವೆಯೇ ಆಗಿಲ್ಲ ಎಂದು ಮುನಿಯಲ್ಲಮ್ಮ ಕೋರ್ಟಿನಲ್ಲಿ ಹೇಳಬೇಕು. ಅದನ್ನು ಅವಳಿಗೆ ನಾನು ತಿಳಿಸಬೇಕಂತೆ. "ನನ್ನ ಕನ್ನಡ ಕೇಳಿದ್ರೆ ನಗ್ತಾಳೆ."

4 ಫೆಬ್ರವರಿ, ಸಂಜೆ

ಹೇಳಿದೆ. ಮುನಿಯಲ್ಲಮ್ಮ ಹಿತ್ತಿಲ ಕಲ್ಲಿನ ಮೇಲೆ ಕೂತು ಕೇಳಿದಳು.

"ಅಂಗಾರೆ ಚಿಕ್ಕಹನುಮಯ್ಯ ನಂಗೆ ಏನಾಯ್ತಾನೆ?"

"ಕೋರ್ಟಿನಲ್ಲಿ ಏನೂ ಆಗುವುದಿಲ್ಲ."

"ಮನೇಲಿ?"

"ಮನೆಯಲ್ಲಿ ಇದ್ದ ಹಾಗೇ."

ಎಷ್ಟು ಸಲೀಸಾಗಿ ಬಂತು ಮಾತು. ಯಾವ ಸೆಕ್ಷನ್ನಿನ ಆಧಾರದ ಮೇಲೆ?

ಅಕ್ಕ ಒಳಗಿನಿಂದಲೇ ಕೇಳಿಸಿಕೊಂಡಿದ್ದಳು. ಹದಿನೇಳಕ್ಕೆ ವಿಧವೆಯಾಗಿ ಕೆಂಪು ಸೀರೆ ಉಟ್ಟವಳು. ಅನ್ನ ಬಡಿಸುತ್ತಾ, "ನಮ್ಮಲ್ಲಿ ಆ ತಾಪತ್ರಯವಿಲ್ಲ ನೋಡು. ಎರಡನೇದೇ ಇಲ್ಲವಲ್ಲ, ಹೋಗೋದೇನು?" ಎಂದಳು. ಮಜ್ಜಿಗೆ ಹಾಕಿದಳು. ಅಷ್ಟೇ.

20 ಮಾರ್ಚ್

ಚಿಕ್ಕಹನುಮಯ್ಯ ಬಂದಿದ್ದ. ದಂಟಿನ ಸೊಪ್ಪಿನ ಕಂತೆ ಜಗಲಿಯಲ್ಲಿಟ್ಟು ನಿಂತೇ ಇದ್ದ. ಕೂತುಕೋ ಎಂದರೂ ಕೂರಲಿಲ್ಲ. ಎತ್ತರದ ಆಳು, ಮಾತು ಕಡಿಮೆ.

"ಕೋರ್ಟಿನ್ ದಿನ ನಾನೂ ಬರ್ಬೇಕಾ?"

"ಬರದಿದ್ದರೆ ಒಳ್ಳೆಯದು."

ಯೋಚಿಸಿದ. "ಬತ್ತೀನಿ. ಅವ್ಳೊಬ್ಳೇ ಓಗಾದು ಬ್ಯಾಡ."

8 ಏಪ್ರಿಲ್

ಮುನ್ಸೀಫ್ ಕೋರ್ಟು. ಶೆಟ್ಟಿಹಳ್ಳಿಯ ಅರ್ಧ ಊರು ಬಂದಿತ್ತು. ಕುಲದ ಹಿರಿಯರು ಗೋಡೆಗೆ ಒರಗಿ, ರುಮಾಲು ತೊಡೆಯ ಮೇಲೆ. ನಾನು ಹಿಂದಿನ ಬೆಂಚು. ವಕೀಲನಲ್ಲ, ಸಾಕ್ಷಿಯಲ್ಲ.

ಪಿಳ್ಳಪ್ಪನ ಕಡೆಯ ಸಾಕ್ಷಿ ದ್ರೌಪದಮ್ಮ, ಸೀರೆ ಉಡಿಸಿದವಳು. ಹಲ್ಲಿಲ್ಲದ ಮುದುಕಿ. ಸೀರುಡಿಕೆ ದೀಪವಿಲ್ಲದ ಕೋಣೆಯಲ್ಲಿ ನಡೆಯುತ್ತದೆ. ಮುತ್ತೈದೆಯರು ನೋಡಬಾರದು, ವಿಧವೆಯರೇ ಉಡಿಸಬೇಕು.

"ಮುನಿಯಲ್ಲಮ್ಮನಿಗೆ ಸೀರೆ ಉಡಿಸಿದ್ದು ನೀನೇ ತಾನೆ?" ಎಂದ ಪಿಳ್ಳಪ್ಪನ ವಕೀಲ.

"ಕತ್ಲಾಗೆ ಉಡ್ಸಾದು ಸ್ವಾಮಿ. ಕೈಗೆ ಸಿಕ್ದೋಳ್ಗೆ ಉಡ್ಸಿದೀನಿ. ಯಾರು ಅಂತ ಎಂಗ್ ಯೇಳ್ಲಿ?"

"ಗಂಡು ಯಾರು?"

"ನಾನು ಮುಂಡೆ. ಗಂಡಸ್ರ ಮಕ ನೋಡ್ಕಂಡ್ ಕೂತ್ಕತೀನಾ?"

ನಗು. ಮುನ್ಸೀಫರೂ ಕರ್ಚೀಫು ತೆಗೆದರು. ಪಿಳ್ಳಪ್ಪ ತನ್ನ ವಕೀಲನ ಮುಖ ನೋಡಿದ.

ಆಮೇಲೆ ಮುನಿಯಲ್ಲಮ್ಮ. ಕೇಳಿದವನು ಅದೇ ವಕೀಲ.

"ಚಿಕ್ಕಹನುಮಯ್ಯ ನಿನಗೆ ಏನಾಗಬೇಕು?"

ಅವಳು ಕಟಕಟೆಯ ಮರ ಹಿಡಿದುಕೊಂಡಳು. "ಏನೂ ಆಗ್ಬೇಕಿಲ್ಲ."

"ಅವನು ನಿನ್ನ ಗಂಡನಲ್ಲವೋ?"

"ಅಲ್ಲ."

"ಮಗು ಯಾರದು?"

"ಅವ್ನದೇ. ಮದ್ವೆ ಆಗಿಲ್ಲ."

ಚಿಕ್ಕಹನುಮಯ್ಯ ಹೊರಗೆ ಕಿಟಕಿಯ ಬಳಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದ. ಮಗು ಕಿಟಕಿಯ ಸರಳಿಗೆ ಗೆಜ್ಜೆಗಾಲು ಬಡಿಯುತ್ತಿತ್ತು. ಡವಾಲಿಯ ಜವಾನ ಗದರಿಸಿದ. ಚಿಕ್ಕಹನುಮಯ್ಯ ಮಗುವಿನ ಕಾಲು ಹಿಡಿದುಕೊಂಡ.

27 ಜೂನ್

ತೀರ್ಪು. ಮದುವೆ ಸಾಬೀತಾಗಿಲ್ಲ. ಹೊಲ ಅವಳದೇ, ಪೂರ್ತಿ ಸ್ವಂತ. ರಹಮತುಲ್ಲಾ ಜಿಲೇಬಿ ತಂದಿದ್ದ. ಒಂದು ತಿಂದೆ. ಪಿಳ್ಳಪ್ಪ ಅಪೀಲು ಹಾಕುತ್ತಾನಂತೆ. "ಹಾಕ್ಲಿ, ಹಾಕ್ಲಿ. ಅದು ಮುಗಿಯೋವರೆಗೂ ಆಕೆ ಬಾಯಿಂದ ಗಂಡ ಅನ್ನೋ ಶಬ್ದ ಬರಬಾರದು, ಅಷ್ಟೇ."

ವಾರಸುದಾರಿಕೆ ಅಧ್ಯಾಯದ ಪ್ರೂಫ್ ಬಂದಿದೆ. ಆ ಅಡಿಟಿಪ್ಪಣಿಯನ್ನು ಇನ್ನಷ್ಟು ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ.

1 ಆಗಸ್ಟ್

ಒಂದು ತಿಂಗಳಿಂದ ಮೊಸರಿಲ್ಲ. ಅಕ್ಕ ಮತ್ತಿಕೆರೆಯವಳೊಬ್ಬಳಿಂದ ಕೊಳ್ಳುತ್ತಿದ್ದಾಳೆ. ಹುಳಿ.

ಇವತ್ತು ಮುನಿಯಲ್ಲಮ್ಮ ಬಂದಳು. ಬರಿಗೈ.

"ಓಗ್ಬುಟ್ಟ ಸ್ವಾಮಿ. ಬಾಗಲೂರ್ಗೆ. ಅಣ್ಣನ ಮನೇಗೆ. ಲಕ್ಕೀನೂ ಕರ್ಕಂಡು."

ಜಗಳವೇ ಎಂದೆ.

"ಜಗ್ಳ ಆಡಿದ್ರೆ ಎಷ್ಟೋ ವಾಸಿ. ಕೋರ್ಟಿಂದ ಬಂದ್ ದಿನದಿಂದ ಒಳೀಕೆ ಬರ್ಲಿಲ್ಲ. ಜಗಲೀಲೇ ಉಂಡ, ಜಗಲೀಲೇ ಮನಿಕ್ಕಂಡ. ಹೊಲಕ್ಕೆ ನೀರು ಕಟ್ದ. ಬದ್ನೆ ಕಿತ್ತು ಕೊಟ್ಟ. ತೀರ್ಪು ನಿನ್ ಕಡೆ ಆಯ್ತಲ್ಲ, ನಾನಿನ್ ಬತ್ತೀನಿ ಅಂದ."

ಅವರಲ್ಲಿ ಬಿಡುಗಡೆ ಹೀಗೆ: ಕುಲದ ಕಟ್ಟೆಯ ಮುಂದೆ ಇವನು ನನ್ನ ಗಂಡನಲ್ಲ ಎಂದು ಹೇಳಿ ಒಂದು ಕಡ್ಡಿ ಮುರಿಯಬೇಕು. ಅಷ್ಟಾದರೆ ತೀರಿತು. ಮಕ್ಕಳು ಗಂಡನ ಪಾಲಿಗೆ.

"ಕಡ್ಡಿ ಮುರಿದಿಲ್ವಲ್ಲೋ, ಕೋರ್ಟಾಗೆ ಆಡಿದ್ ಮಾತು ಕಣೋ ಅದು ಅಂದೆ. ಕೋರ್ಟು ನಮ್ ಕಟ್ಟೆಗಿಂತ ದೊಡ್ಡ ಕಟ್ಟೆ ಅಲ್ವಾ ಅಂದ. ಇರೀಕ್ರೂ ಅಂಗೇ ಅಂದ್ರು. ಅಷ್ಟು ಜನ್ರ ಮುಂದೆ, ದೊರೆ ಮುಂದೆ ಯೇಳವ್ಳೆ, ನಾವಿನ್ನೇನ್ ಮುರಿಯಾದು, ಮುರಿದೋಗೈತೆ ಅಂದ್ರು."

ಮತ್ತೆ ಸೀರೆ ಉಡಿಸಬಹುದಲ್ಲ — ಕೇಳಿದೆ. ಹೊಸ ಕಾನೂನಿನಲ್ಲಿ ಈಗ ಮದುವೆಯಾದರೆ ಹೊಲಕ್ಕೆ ತೊಂದರೆಯಿಲ್ಲ.

"ಬುಟ್ಟೋಳ್ನ ತಿರ್ಗಾ ಅವ್ನೇ ಕಟ್ಕಳಂಗಿಲ್ಲ ನಮ್ಮಲ್ಲಿ." ಸೆರಗು ಬಾಯಿಗೆ ಒತ್ತಿಕೊಂಡಳು. "ಬಾಗಲೂರಾಗೆ ಅವ್ನಿಗೆ ಎಣ್ಣು ನೋಡ್ತಾವ್ರೆ. ನನ್ ಮಗ್ಳನ್ನ ಬೇರೆಯೋಳು ಸಾಕ್ತಾಳೆ. ಹೊಲ ಬ್ಯಾಡ ನಂಗೆ. ಮಗ್ಳು ಬೇಕು. ಅದ್ಕೇನೈತೆ ನಿಮ್ ಬುಕ್ಕಾಗೆ?"

ನೋಡಿ ಹೇಳುತ್ತೇನೆ ಎಂದೆ. ನೋಡುವ ಅಗತ್ಯವಿರಲಿಲ್ಲ, ಬರೆದವನು ನಾನೇ.

3 ಆಗಸ್ಟ್

ಇದೆ. ಪೋಷಕತ್ವದ ಕಾಯಿದೆ, ಆರನೆಯ ಸೆಕ್ಷನ್. ಮದುವೆಯಲ್ಲಿ ಹುಟ್ಟಿದ ಮಗುವಿಗೆ ತಂದೆಯೇ ಪೋಷಕ. ಐದು ತುಂಬುವವರೆಗೆ ಮಾತ್ರ ಸಾಮಾನ್ಯವಾಗಿ ತಾಯಿಯ ಬಳಿ. ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ — ತಾಯಿ ಪೋಷಕಳು. ಅವಳಾದ ಮೇಲೆ ತಂದೆ.

ಮಗು ಅವಳಿಗೆ ಸಿಗುತ್ತದೆ. ಹಾದರಕ್ಕೆ ಹುಟ್ಟಿದ್ದು ಎಂದು ಅವಳೇ ಅರ್ಜಿ ಕೊಟ್ಟರೆ ಸಿಗುತ್ತದೆ. ಮದುವೆಯಾಗಿತ್ತು ಎಂದು ನಿಜ ಹೇಳಿದರೆ ಹೊಲವೂ ಹೋಗುತ್ತದೆ, ಮಗುವೂ ತಂದೆಗೆ.

ಅಧ್ಯಾಯದಲ್ಲಿ ಇದಕ್ಕೆ ನಾಲ್ಕು ಸಾಲು ಕೊಟ್ಟಿದ್ದೆ. ತಪ್ಪಿಲ್ಲದ ಸಾಲುಗಳು. ಓದಿದೆ. ಮತ್ತೆ ಓದಿದೆ.

5 ಆಗಸ್ಟ್

ರಹಮತುಲ್ಲಾ ಜಿಲೇಬಿಯ ದಿನದ ಹಾಗಿರಲಿಲ್ಲ. ಟೋಪಿ ಕೈಯಲ್ಲಿ ತಿರುಗಿಸುತ್ತಾ ಕೂತ.

"ಗೆಲ್ಲುತ್ತೆ ಪಂಡಿತರೇ, ಈ ಅರ್ಜಿ. ಮೊದಲನೇ ತೀರ್ಪೇ ಸಾಕು." ಟೋಪಿ ಮೇಜಿನ ಮೇಲಿಟ್ಟು, "ಚಿಕ್ಕಹನುಮಯ್ಯ ವಕೀಲರನ್ನೂ ಇಡೋದಿಲ್ಲ. ಬಂದು ನಿಂತ್ಕೊಳ್ತಾನೆ. ಅವನನ್ನ ನಾನು ಕೇಳಬೇಕು — ನೀನು ಇವಳ ಗಂಡ ಅಲ್ಲ ತಾನೆ ಅಂತ. ಹೌದು, ಗಂಡ ಅಲ್ಲ ಅಂತಾನೆ. ಅವಳು ಹೇಳಿದ್ಮೇಲೆ ಅಲ್ಲ ಅಂತಲೇ ಅಂತಾನೆ ಆ ಮನುಷ್ಯ."

"ಬೇಡವೆನ್ನೋಣ ಅವಳಿಗೆ."

"ಮಗು?"

ಆರಿದ ಕಾಫಿಯ ಲೋಟಗಳನ್ನು ಒಳಗಿಟ್ಟು ಬಂದೆ.

ಬಾಗಲೂರಿಗೆ ಹೋಗಿ ಅವನೊಡನೆ ಮಾತಾಡಬೇಕು ಎಂದುಕೊಂಡೆ. ಏನು ಹೇಳುವುದು? ಕೋರ್ಟಿನಲ್ಲಿ ಆಡಿದ್ದು ಮಾತಲ್ಲವೆಂದೇ? ಅವನೊಬ್ಬ ಅದನ್ನು ಮಾತು ಎಂದು ನಂಬಿದ.

19 ಆಗಸ್ಟ್

ಬಾಗಲೂರಿಗೆ ಹೋಗಲಿಲ್ಲ. ಸಹಿಗೆ ಪ್ರೂಫ್ ಬಂತು. ಸಹಿ ಹಾಕಿದೆ.

22 ಆಗಸ್ಟ್, ಬೆಳಿಗ್ಗೆ

ಮುನಿಯಲ್ಲಮ್ಮ. ಅಕ್ಕ ಅವಳನ್ನು ನಡುಮನೆಗೆ ಕರೆದು ಮಣೆ ಹಾಕಿದಳು. ಹಿಂದೆಂದೂ ಇಲ್ಲದ್ದು. ಅವಳು ಮಣೆ ಬಿಟ್ಟು ನೆಲದ ಮೇಲೆ ಕೂತಳು.

ಸುತ್ತಿ ಬಳಸದೆ ಹೇಳಿದೆ. ಆರನೆಯ ಸೆಕ್ಷನ್ನನ್ನು ಇಷ್ಟು ತಿಳಿಯಾಗಿ ಪುಸ್ತಕದಲ್ಲೂ ಹೇಳಿಲ್ಲ.

"ಇನ್ನೊಂದ್ ಸಲ ಯೇಳ್ಬೇಕಾ ಅಂಗಾರೆ?"

"ಹೇಳಬೇಕು."

"ಲಕ್ಕೀನೂ ಬರ್ಬೇಕಾ?"

"ಕರೆಸಬಹುದು. ಜಡ್ಜಿಗೆ ಮಗುವನ್ನು ನೋಡಬೇಕೆನಿಸಬಹುದು."

"ಅವ್ಳ ಮುಂದೇನಾ?"

ಆ ಹೊತ್ತಿಗೆ ಹೊರಗೆ ಕೂರಿಸಬಹುದು ಎಂದೆ.

"ಈಗ ಬುದ್ಧಿ ಬಂದೈತೆ ಅದ್ಕೆ. ಈಚೀಕೆ ಬಂದ್ಮೇಲೆ ಊರೇ ಯೇಳ್ತದೆ. ನಿಮ್ಮವ್ವನೇ ಅಂದ್ಳು ಕಣೇ ಅಂತದೆ."

ಅಕ್ಕ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಮುನಿಯಲ್ಲಮ್ಮ ಎದ್ದಳು. ಸೀರೆಯ ನೆರಿಗೆ ಸರಿ ಮಾಡಿಕೊಂಡಳು.

"ಯಾವತ್ತು ಓಗ್ಬೇಕು ಸ್ವಾಮಿ?"

ದಿನ ಹೇಳಿದೆ. ತಲೆಯಾಡಿಸಿ ಮೆಟ್ಟಿಲಿಳಿದಳು. ಬೀದಿಯ ತಿರುವಿನವರೆಗೂ ಕಾಣುತ್ತಿದ್ದಳು, ಕೂಗಿದರೆ ಕೇಳಿಸುವಷ್ಟು ದೂರ. ಕೂಗಿ, ಬೇಡ, ಹೇಳಬೇಡ ಎಂದಿದ್ದರೆ ಮಗು ಬಾಗಲೂರಿನಲ್ಲೇ. ಹೇಳು ಎಂದದ್ದಕ್ಕೆ ಮಗು ಮನೆಗೆ ಬರುತ್ತದೆ, ಬಂದು ಒಂದು ದಿನ ಅವಳನ್ನು ಕೇಳುತ್ತದೆ — ಅಂಗಾರೆ ನಮ್ಮಪ್ಪ ನಿಂಗೆ ಏನಾಯ್ತಾನೆ?