ತಿಮಿಂಗಿಲ ಇದ್ದ ಜಾಗ

ಯಾನ್ ಮಾಯೆನ್ ದ್ವೀಪ
14 ಜುಲೈ 1986

ಪ್ರೀತಿಯ ಅಪ್ಪ,

ನೀನು ನಕ್ಷೆಯಲ್ಲಿ ಬರೆದ ತಿಮಿಂಗಿಲದ ಬೆನ್ನ ಮೇಲೆ ಇವತ್ತು ನಾನು ನಿಂತಿದ್ದೆ. 1969ರಲ್ಲಿ ಇಲ್ಲಿನ ರೇಡಿಯೋ ಕೆಲಸ ಮುಗಿಸಿ ಬಂದವನು ನನಗೆಂದೇ ಬರೆದುಕೊಟ್ಟೆಯಲ್ಲ, ಅದರಲ್ಲಿ ಆ ಜಾಗ ಬರೀ ಸಮುದ್ರ. ಮರುವರ್ಷವೇ ಬೆಟ್ಟ ಸಿಡಿದು, ಬೆಂಕಿಯ ಹೊಳೆ ಕಡಲಿಗಿಳಿದು ಅಲ್ಲಿ ನೆಲವಾಯಿತು. ಆ ನೆಲ ನನಗಿಂತ ಏಳು ವರ್ಷ ಚಿಕ್ಕದು ಅಪ್ಪ! ಆಗಲೇ ಪಾಚಿ ಹಿಡಿದಿದೆ, ಹಕ್ಕಿಗಳು ಜಾಗಕ್ಕಾಗಿ ಕಿತ್ತಾಡುತ್ತಿವೆ.

ನಾನು ನಕ್ಷೆ ಹರಡಿಕೊಂಡಿದ್ದನ್ನು ನೋಡಿ ನಮ್ಮ ಅಡುಗೆಯ ಅಸ್‌ಬ್ಯೋರ್ನ್, "ನಿಮ್ಮಪ್ಪನ್ನ ನಂಬಿದ್ರೆ ನೀನೀಗ ಕತ್ತಿನ ಮಟ್ಟ ನೀರಲ್ಲಿರ್ಬೇಕಿತ್ತು ಕಣೇ," ಅಂದ. ಅಷ್ಟರಲ್ಲಿ ಮೋಡ ಸರಿದು ಬೆಟ್ಟದ ಹಿಮದ ತುದಿಯೂ ಕಂಡಿತು. ಕಾಫಿ ಆರಿಹೋಗುವ ತನಕ ಇಬ್ಬರೂ ನೋಡುತ್ತ ಕೂತೆವು.

ಆಸ್ಪತ್ರೆಯಿಂದ ಬಂದ ಮೇಲೆ ನೀನು ಪೆನ್ಸಿಲ್ ಮುಟ್ಟಿಲ್ಲವೆಂದು ಅಮ್ಮ ಬರೆದಿದ್ದಾಳೆ. ನಕ್ಷೆಯನ್ನು ವಾಪಸು ಕಳಿಸುತ್ತಿದ್ದೇನೆ, ಜೊತೆಗೆ ಅಲ್ಲಿನದೇ ಒಂದು ಕರಿಕಲ್ಲು. ಹೊಸ ದಡವನ್ನು ನೀನೇ ಬರೆದು ಕಳಿಸು. ತಿಮಿಂಗಿಲವನ್ನು ಅಳಿಸಬೇಡ, ಸ್ವಲ್ಪ ಆಚೆ ಸರಿಸು. ಗೆರೆ ನಡುಗಿದರೆ ನಡುಗಲಿ, ಇಲ್ಲಿನ ದಡವೂ ನೆಟ್ಟಗಿಲ್ಲ.

ನಿನ್ನ ಮಗಳು,
ಗುನ್‌ವೋರ್