ಖಂಡೆ ಪೂಜೆಗಿಟ್ಟ ಬಂದೂಕು

ಸೆಪ್ಟೆಂಬರ್ 21, ಭಾನುವಾರ

ರೊಟ್ಟಿ ಆಯಿತು. ಹಬ್ಬಕ್ಕೆ ಮನೆ ಸಾರಿಸುವುದು ಬಾಕಿ. ಕೈ ಓಡುತ್ತಿಲ್ಲ.

ಮಾವ ಇವತ್ತೂ ಉಮಿಯನ್ನು ಹೊಲಕ್ಕೆ ಕರೆದುಕೊಂಡು ಹೋದರು. ಶೇಂಗಾಕ್ಕೆ ಹಂದಿ ಕಾಟ. ಅವರ ಹೆಗಲ ಮೇಲೆ ಬಂದೂಕು, ಹಿಂದೆ ನನ್ನ ಒಂಬತ್ತು ವರ್ಷದ ಮಗಳು. ಹಂದಿ ಓಡಿಸಲು ಮಗು ಯಾಕೆ ಬೇಕು? ಲೈಸನ್ಸು ಇರುವುದು ಅವರ ಹೆಸರಿಗೆ ತಾನೆ?

ನಿನ್ನೆ ಊಟಕ್ಕೆ ಕೂತಾಗ ಉಮಿ, "ಅವ್ವಾ, ತಾತನ ಬಂದೂಕು ರೊಟ್ಟಿ ಮಡಚಿದಂಗ ಮಡಚತದ. ಮಡಚಿ ಒಳಗ ನೋಡಬೇಕು. ನನಗ ಬರ್ತದ," ಅಂದಳು.

ಸೆಪ್ಟೆಂಬರ್ 23

ರಾಯಚೂರಿಗೆ ಫೋನು ಮಾಡಿ ಇವರಿಗೆ ಹೇಳಿದೆ. ಅಕ್ಕಿ ಮಿಲ್ಲಿನ ಸದ್ದಿನಲ್ಲಿ ಅರ್ಧ ಕೇಳಿಸಿತೋ ಇಲ್ಲವೋ. "ಅಪ್ಪಗ ನೀನ ಹೇಳು" ಅಂದು ಇಟ್ಟುಬಿಟ್ಟರು. ತಾವು ಹೇಳುವುದಿಲ್ಲ... ನಾನೇ ಹೇಳಿದೆ. ಊಟಕ್ಕೆ ಬಡಿಸುತ್ತಲೇ.

"ಮನ್ಯಾಗ ಬಂದೂಕು ಅದ ಅಂದಮ್ಯಾಲ ಹುಡುಗಿಗೆ ಗೊತ್ತಿರಬೇಕವ್ವಾ," ಅಂದರು ಮಾವ. "ಹೊಲದಾಗ ಬಾವಿ ಇದ್ರ ಈಸು ಕಲಸೂದಿಲ್ಲೇನು?"

"ಬಾವ್ಯಾಗ ಬಿದ್ರ ಬಿದ್ದಾವ್ರ ಸಾಯ್ತಾರ್ರಿ ಮಾವಾರ. ಇದು ಎದುರಿಗೆ ನಿಂತಾವ್ರನ್ನ ಒಯ್ತದ."

ಇಷ್ಟು ಮಾತು ನನ್ನ ಬಾಯಿಂದ ಹೇಗೆ ಬಂತೋ. ಮಾವ ತಾಟು ಸರಿಸಿದರು. ಉಮಿಯನ್ನು ಕರೆದು, "ಇನ್ನ ಮುಟ್ಟಬ್ಯಾಡ. ಅವ್ವ ಬ್ಯಾಡ ಅಂದಾಳ," ಅಂದರು. ಅವಳು ನನ್ನ ಕಡೆ ನೋಡದೆ ಹೊರಗೆ ಹೋದಳು.

ಗೆದ್ದೆ.

ಅಕ್ಟೋಬರ್ 1, ಮಧ್ಯಾಹ್ನ 3

ಖಂಡೆ ಪೂಜೆ ಮುಗಿಯಿತು. ಪಡಸಾಲೆಯಲ್ಲಿ ಕಂಬಳಿ ಹಾಸಿ ಕುಡಗೋಲು, ಕೊಡಲಿ, ಕಳೆ ತೆಗೆಯುವ ಕುರ್ಚಿಗೆ, ನನ್ನ ಈಳಿಗೆ, ನಡುವೆ ಬಂದೂಕು. ವಿಭೂತಿ ಹಚ್ಚಿ ಹೂವು ಏರಿಸಿದ ಮೇಲೆ ನಾಳೆ ಬನ್ನಿ ತನಕ ಯಾವುದನ್ನೂ ಎತ್ತುವ ಹಾಗಿಲ್ಲ. ಪ್ರತಿವರ್ಷ ಬಂದೂಕಿಗೆ ವಿಭೂತಿ ಹಚ್ಚುವುದು ಉಮಿ. ಈ ಸಲ ಬೇಡ ಅಂದೆ. ಮಾವನೇ ಹಚ್ಚಿದರು.

ಹೋಳಿಗೆ ಬುತ್ತಿ ಕಟ್ಟಿಸಿಕೊಂಡು ಮಾನ್ವಿಗೆ, ಮಗಳ ಮನೆಗೆ ಹೋದರು. ಬರುವುದು ನಾಳೆ. ಈಗ ಬಸ್ಸಿನಿಂದ ಫೋನು.

"ಅನ್ನಮ್ಮಾ, ನಸಿಕಿನ್ಯಾಗ ಹಂದಿ ಬಂದಿತ್ತಂತ ಬಂದೂಕಿಗೆ ತೋಟಾ ತುಂಬಿದ್ದೆ. ಹಾರಿಸಲಿಲ್ಲ. ತೆಗದೆನೋ ಇಲ್ಲೋ... ಕಿಸೇದಾಗ ಎರಡು ಇರಬೇಕು, ಒಂದ ಅದ."

ತಿರುಗಿ ಕಂಬಳಿಯ ಮೇಲಿನ ಬಂದೂಕು ನೋಡಿದೆ.

"ಅಂಜಬ್ಯಾಡ. ಉಮಿ ಕೈಯಾಗ ಫೋನ್ ಕೊಡು. ಆಕಿಗೆ ತೆಗೆಯಾಕ ಬರ್ತದ."

"ಆಕಿ ಮುಟ್ಟಂಗಿಲ್ರಿ," ಅಂದೆ. ಫೋನು ಇಟ್ಟೆ. ಮಾವ ಮಾತಾಡುತ್ತಿದ್ದಾಗಲೇ ಇಟ್ಟೆ!

ಬಂದೂಕಿನ ಬಾಯಿ ಬಾಗಿಲ ಕಡೆಗೇ ಇದೆ. ಐದಕ್ಕೆ ಓಣಿಯ ಹೆಂಗಸರು ಆರತಿಗೆ ಬರುತ್ತಾರೆ, ಮಕ್ಕಳನ್ನು ಎತ್ತಿಕೊಂಡು. ಬರಬೇಡಿ ಅಂತ ಹಬ್ಬದ ದಿನ ಹೇಗೆ ಹೇಳಲಿ? ಎತ್ತಿಡೋಣ ಅಂದರೆ ಎಲ್ಲಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು? ಏಳನೇ ಇಯತ್ತೆಗೇ ಸಾಲಿ ಬಿಡಿಸಿದರೂ ಬರೆದಿದ್ದನ್ನು ಓದಬಲ್ಲೆ. ಇದರ ಮೇಲೆ ಏನೂ ಬರೆದಿಲ್ಲ.

ಅದೇ ದಿನ, ಸಂಜೆ

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಪಕ್ಕದ ಮನೆ ಬೂದೆಪ್ಪಣ್ಣನನ್ನು ಕರೆದೆ. "ಬಂದೂಕಂದ್ರ ನನಗೇನು ಹೊಸಾದೇನು ತಂಗಿ?" ಅನ್ನುತ್ತಲೇ ಬಂದ. ಚಪ್ಪಲಿ ಬಿಟ್ಟ, ಕೈಮುಗಿದ, ಎತ್ತಿದ. ಹಿಂದೆ ಮುಂದೆ ತಿರುಗಿಸಿದ. ಅವನಿಗೂ ಗೊತ್ತಿಲ್ಲ ಅಂತ ಆಗ ಗೊತ್ತಾಯಿತು.

"ಕುದುರಿ ಎಳದು ನೋಡಿದ್ರ ಆತು. ತುಂಬೇದೋ, ಖಾಲಿ ಅದನೋ, ಅದ ಹೇಳತದ," ಅಂದ.

ಅವನ ಬೆರಳು ಆಗಲೇ ಗುಂಡು ಹಾರಿಸುವ ಕೊಕ್ಕೆಯ ಮೇಲಿತ್ತು.

"ಕಾಕಾ, ಬೆರಳು ತೆಗೀರಿ!" ಒಳಗಿಂದ ಉಮಿ. "ಗ್ವಾಡಿ ಕಡಿ ಹಿಡೀರಿ!"

"ಏ, ಫೌಜ್‌ದಾರ್ ಬಂದಳಪ್ಪಾ!" ಅವನು ನಕ್ಕ. ಆದರೂ ಗೋಡೆ ಕಡೆ ತಿರುಗಿಸಿದ.

ಉಮಿ ಬಂದೂಕು ಮುಟ್ಟಲಿಲ್ಲ. ನನ್ನ ಮುಖ ನೋಡಿದಳು. ನಾನು ಹ್ಞೂಂ ಅನ್ನುವ ತನಕ ನಿಂತೇ ಇದ್ದಳು. ನಾನೇ ತಲೆ ಆಡಿಸಿದೆ. ಇದನ್ನು ಬರೆದಿಡಬೇಕು — ನಾನೇ.

ಬಂದೂಕು ಬೂದೆಪ್ಪಣ್ಣನ ಕೈಯಲ್ಲಿರುವಾಗಲೇ ಅವಳು ಮೇಲಿನ ಕೀಲಿ ಒತ್ತಿ ಬಾಗಿಸಿದಳು. ಹೌದು, ರೊಟ್ಟಿಯ ಹಾಗೆಯೇ ಮಡಚಿತು. ಒಂದು ನಳಿಗೆ ಖಾಲಿ. ಇನ್ನೊಂದರಿಂದ ಕೆಂಪು ತೋಟಾ ತೆಗೆದು ನನ್ನ ಅಂಗೈಗೆ ಇಟ್ಟಳು.

ಬೂದೆಪ್ಪಣ್ಣ ಅಲ್ಲೇ ಕುಕ್ಕರಿಸಿದ. "ತಂಗಿ... ಒಂದು ಚಂಬು ನೀರು ಕೊಡ್ತಿಯೇನು?"

ಬೆರಳು ತಗುಲಿ ವಿಭೂತಿ ಅಳಿಸಿತ್ತು. ಉಮಿ ಮತ್ತೆ ಹಚ್ಚಿದಳು. ಆರತಿಗೆ ಬಂದವರಿಗೆ ಏನೂ ಹೇಳಲಿಲ್ಲ.

ಅಕ್ಟೋಬರ್ 2

ಮಾವ ಮೊದಲ ಬಸ್ಸಿಗೇ ಬಂದರು. ಬನ್ನಿ ಕೊಟ್ಟು ಕಾಲಿಗೆ ಬಿದ್ದೆ. ತೋಟಾ ಕೊಟ್ಟೆ. ಅಂಗೈಯಲ್ಲಿ ತಿರುಗಿಸಿ ನೋಡಿ ಕಿಸೆಗೆ ಹಾಕಿಕೊಂಡರು.

"ತಪ್ಪು ನಂದವ್ವಾ. ಐವತ್ತು ವರ್ಷ ಹಿಡದ ಕೈ ಮರೀತು." ಆಮೇಲೆ, "ಹುಡುಗಿಗೆ ಕಲಸ್ಲೋ ಬ್ಯಾಡೋ? ಇನ್ನ ನೀ ಹೇಳಿದಂಗ."

ಈ ಮನೆಗೆ ಬಂದು ಹನ್ನೊಂದು ವರ್ಷ. ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಅವಳಿಗೆ ಗೊತ್ತಿರದಿದ್ದರೆ ಬೂದೆಪ್ಪಣ್ಣ ಎಳೆದೇಬಿಡುತ್ತಿದ್ದ. ಮನೆಯಲ್ಲಿ ಬಂದೂಕೇ ಇರದಿದ್ದರೆ ಅವಳಿಗೆ ಗೊತ್ತಿರಬೇಕಾಗಿಯೂ ಇರಲಿಲ್ಲ. ಎರಡೂ ಖರೆ. ಯಾವುದನ್ನು ಹಿಡಿಯಲಿ?

ನಾನು ಅಂಜುತ್ತೇನೆ ಅಂತ ಅವಳಿಗೂ ಕಲಿಸದೆ ಬಿಡುವುದೇ?

ಅಕ್ಟೋಬರ್ 5, ಭಾನುವಾರ

ಕಲಿಸಿರಿ ಅಂತ ಹೇಳಲು ಮಾವನನ್ನು ಹುಡುಕುತ್ತಾ ಹಿತ್ತಲಿಗೆ ಹೋದೆ.

ಉಮಿ, ಅವಳ ಗೆಳತಿ ಗುಲ್ಫಶಾ ಆಡುತ್ತಿದ್ದರು. ಉಮಿಯ ಕೈಯಲ್ಲಿ ಸಜ್ಜೆ ದಂಟು, ನಡುವೆ ಮುರಿದದ್ದು. ಬಾಗಿಸಿದಳು, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದಳು, ನೆಟ್ಟಗೆ ಮಾಡಿದಳು. ಗುಲ್ಫಶಾಳ ಹಣೆಗೆ ಹಿಡಿದಳು.

"ಖಾಲಿ ಅದ, ಅಂಜಬ್ಯಾಡಲೇ. ತಗದು ನೋಡೀನಲ್ಲ? ಈಗ ಎಳದ್ರೂ ಏನೂ ಆಗಂಗಿಲ್ಲ."

ಗುಲ್ಫಶಾ ಕಣ್ಣು ಮುಚ್ಚಿ ಕಿಸಿಕಿಸಿ ನಗುತ್ತಿದ್ದಾಳೆ.

ಮಾವ ಬಾವಿಕಟ್ಟೆಯ ಮೇಲೆ. ಅವರೂ ನೋಡಿದರು. ಬಾಯಿಗೆ ಹೋಗುತ್ತಿದ್ದ ವೀಳ್ಯದೆಲೆ ಕೈಯಲ್ಲೇ ಉಳಿಯಿತು. ನನ್ನನ್ನು ನೋಡಿದರು.

ಉಮಿಯನ್ನು ಒಳಗೆ ಬಾ ಅಂದೆ. ಕಾಲು ತೊಳೆಯುತ್ತಿದ್ದಾಳೆ, ನೀರಿನ ಸದ್ದು ಕೇಳಿಸುತ್ತಿದೆ. ಅಷ್ಟರಲ್ಲಿ ಮಾತು ಜೋಡಿಸಿಕೊಳ್ಳಬೇಕು. ಬೈಯಬಾರದು. ಮೊನ್ನೆ ನಮ್ಮನ್ನು ಉಳಿಸಿದ ಕೈ ಅದು. ಉಮಿ, ನೀ ತೆಗೆದು ನೋಡಿದ್ದು ಸರಿ ಅನ್ನಬೇಕು. ಆಮೇಲೆ... ಬಂದೇಬಿಟ್ಟಳು.

ಉಮಿ, ಖಾಲಿ ಇದ್ದರೂ —